ಕೇರಂ ಕೋಣೆಯಲ್ಲಿ ಈಜಿಪ್ಟಿನ ಕ್ರಿಯಾಪದ

ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ಒಂದು ಕೋಣೆ ಇದೆ. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನಿಂದ ನಡೆದು ಬರುವಾಗ, ಬೇಕರಿ ದಾಟಿದ ಮೇಲೆ, ಹಾರ್ಡ್‌ವೇರ್ ಅಂಗಡಿಯ ಪಕ್ಕಕ್ಕೆ. ಹಳದಿ ಕೆಂಪು ಬಣ್ಣದ ಶಟರ್. ಒಳಗೆ ಒಂದು ಕೇರಂ ಬೋರ್ಡು, ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯಲ್ಲಿ ಭುವನೇಶ್ವರಿ ತಾಯಿಯ ಫೋಟೊ. ಆ ಕೋಣೆ ನನಗೆ ಬೇಕಾಗಿತ್ತು. ದಿನಾ ಅಲ್ಲ, ಭಾನುವಾರ ಬೆಳಿಗ್ಗೆ ಮಾತ್ರ. ಯಾತಕ್ಕೆ ಅಂದರೆ ಹಳೆಯ ಈಜಿಪ್ಟಿನ ಭಾಷೆಯ ಕ್ರಿಯಾಪದಗಳನ್ನು ಹೇಳಿಕೊಡುವುದಕ್ಕೆ.

ಇದನ್ನು ಬರೆಯುವಾಗ ಈಗಲೂ ನನಗೆ ನಗು ಬರುತ್ತದೆ. ಆದರೆ ತಮಾಷೆಗೆ ಬರೆಯುತ್ತಿಲ್ಲ.

ನಮ್ಮಮ್ಮ ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದವಳು. ಕೊಳೆತದ್ದು ಒಂದು ಕಡೆ, ಗಟ್ಟಿ ಇರುವುದು ಒಂದು ಕಡೆ. ನಾನು ಅದೇ ಮಂಡಿಯಲ್ಲಿ ಹಗಲು ಬಿಲ್ಲು ಬರೆದು, ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮಾಡಿದೆ. ಬಟ್ಟೆಗೆ ಈರುಳ್ಳಿ ವಾಸನೆ ಅಂತ ಪಕ್ಕದಲ್ಲಿ ಕೂರದವರು ಇದ್ದರು. ನಡುವೆ ಎರಡು ಸಲ ಓದು ಬಿಟ್ಟೆ, ಎರಡು ಸಲವೂ ಮತ್ತೆ ಹಿಡಿದೆ. ನಮ್ಮ ಮನೆತನದಲ್ಲಿ, ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ, ಡಿಗ್ರಿ ಅಂತ ಒಂದು ಕಾಗದ ಮನೆಗೆ ತಂದವಳು ನಾನೇ ಮೊದಲು. ಅದಕ್ಕೆ ಫ್ರೇಮು ಹಾಕಿಸಿ, ಬಂದವರಿಗೆ ಕಾಣುವ ಜಾಗದಲ್ಲೇ ನೇತು ಹಾಕಿದ್ದೇನೆ. ನಾಚಿಕೆ ಏನಿಲ್ಲ.

ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದೆ. ಉಳಿದವರಿಗೆ ವ್ಯಾಕರಣ ಅಂದರೆ ಜ್ವರ, ನನಗೆ ಹಬ್ಬ. ಒಂದು ಧಾತು ಹಿಡಿದು ಅದಕ್ಕೆ ಕಾಲ, ಲಿಂಗ, ವಚನ ಎಲ್ಲ ಹಚ್ಚುತ್ತ ಹೋದರೆ ಒಂದೇ ಬೀಜದಿಂದ ಬಳ್ಳಿ ಎದ್ದ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಯಶವಂತಪುರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕದ ಕೆಲಸ ಸಿಕ್ಕಿತು, ಬಳ್ಳಿ ಬಾಡಿತು. ಬೆಳಿಗ್ಗೆ ರೈಲು, ಸಂಜೆ ರೈಲು, ನಡುವೆ ಲಾರಿ ಬಾಡಿಗೆ.

ಆ ರೈಲಿನಲ್ಲಿಯೇ ಒಂದು ದಿನ ಮೊಬೈಲಿನಲ್ಲಿ ಆ ಚಿತ್ರ ಕಂಡೆ. ಒಂದು ಕಿವಿ. ಅದರ ಪಕ್ಕ ಗೂಬೆ. ಅದರ ಪಕ್ಕ ಕೊಂಬಿರುವ ಹಾವು. ಮೂರೂ ಸೇರಿದರೆ 'ಅವನು ಕೇಳುತ್ತಾನೆ' ಎಂದು ಅರ್ಥ ಅಂತ ಕೆಳಗೆ ಬರೆದಿತ್ತು. ಕಿವಿ ಕೇಳುವ ಧಾತು, ಗೂಬೆ ಅದರ ಕೊನೆಯ 'ಮ್' ಅಕ್ಷರ, ಹಾವು 'ಅವನು'. ಕಿವಿಯೂ ಮನುಷ್ಯರದ್ದಲ್ಲ, ದನದ್ದು! ನನ್ನ ಮೈ ಜುಮ್ಮೆಂದಿತು. ಎಷ್ಟೋ ಸಾವಿರ ವರ್ಷದ ಹಿಂದೆ ಯಾರೋ ಒಬ್ಬರು ಕಲ್ಲಿನ ಮುಂದೆ ಕೂತು, ಧಾತುವಿಗೆ ಪ್ರತ್ಯಯ ಹಚ್ಚಿದ್ದಾರೆ. ನಾನು ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕೂತು ಹಚ್ಚಿದ ಹಾಗೆಯೇ. ಆ ದಿನ ಯಶವಂತಪುರದಲ್ಲಿ ಇಳಿಯುವುದನ್ನೇ ಮರೆತೆ. ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡೆ, ಬೈಯುತ್ತಿದ್ದವರ ಕಿವಿಯನ್ನೇ ನೋಡುತ್ತ ನಿಂತಿದ್ದೆ.

ಅಲ್ಲಿಂದ ಹುಚ್ಚು ಹತ್ತಿತು. ಇಂಟರ್ನೆಟ್ಟಿನಲ್ಲಿ ಒಂದು ಪಾಠ ಹಿಡಿದೆ, ಇಂಗ್ಲಿಷಿನಲ್ಲಿ. ಅರ್ಥವಾಗದ ವಾಕ್ಯವನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಆ ಜನ ವ್ಯಂಜನ ಮಾತ್ರ ಬರೆಯುತ್ತಿದ್ದರು, ಸ್ವರ ಬರೆಯುತ್ತಲೇ ಇರಲಿಲ್ಲ. ನಮ್ಮ ಕಾಗುಣಿತವನ್ನೆಲ್ಲ ಅಳಿಸಿ ಬರೆದ ಹಾಗೆ. ಹಾಗಾಗಿ ನಿಜವಾಗಿ ಹೇಗೆ ಉಚ್ಚರಿಸುತ್ತಿದ್ದರೋ ಈಗ ಪೂರ್ತಿ ಯಾರಿಗೂ ಗೊತ್ತಿಲ್ಲ. ಓದುವ ಅನುಕೂಲಕ್ಕೆ ನಡುನಡುವೆ ಒಂದು 'ಎ' ಸೇರಿಸಿಕೊಳ್ಳುತ್ತಾರೆ. ಕೇಳು ಎಂಬ ಧಾತು 'ಸೆಜೆಮ್' ಆಗುತ್ತದೆ. ಸೆಜೆಮೆಫ್, ಅವನು ಕೇಳುತ್ತಾನೆ. ಸೆಜೆಮೆಸ್, ಅವಳು ಕೇಳುತ್ತಾಳೆ. ಸೆಜೆಮೆನ್, ನಾವು ಕೇಳುತ್ತೇವೆ. ರೈಲಿನ ಚಕ್ರದ ತಾಳಕ್ಕೆ ಹೇಳಿಕೊಳ್ಳುತ್ತ ಹೋದರೆ ಬಾಯಿಪಾಠ ತಾನಾಗಿಯೇ ಆಗುತ್ತಿತ್ತು.

ಒಂದು ಸಂಜೆ ಅಮ್ಮ ಸೊಪ್ಪು ಬಿಡಿಸುತ್ತ ಕೇಳಿದಳು.

"ಅದೇನೇ ಅದು, ಎಫ್ ಎಸ್ ಅಂತ ಗೊಣಗ್ತಾ ಇರ್ತೀಯ?"

"ಈಜಿಪ್ಟ್ ಭಾಷೆ ಕಣಮ್ಮ. ಹಳೇದು."

"ಆ ದೇಶದಲ್ಲಿ ಇವಾಗ ಅದನ್ನ ಆಡ್ತಾರಾ?"

"ಇಲ್ಲ. ನಿಂತೋಗಿ ಬಹಳ ಕಾಲ ಆಯ್ತು."

"ಮತ್ತೆ ನೀನು ಯಾರ್ ಜೊತೆ ಆಡ್ತೀಯ?"

ಅಮ್ಮ ಸುಮ್ಮನೆ ಕೇಳಿದ್ದು. ಆದರೆ ನನಗೆ ಚುಚ್ಚಿದ್ದು ಅದೇ. ಆಫೀಸಿನಲ್ಲಿ ಹೇಳಿದರೆ "ಪ್ರಮೋಷನ್ ಸಿಗುತ್ತಾ ಇದಕ್ಕೆ?" ಅನ್ನುತ್ತಿದ್ದರು. ನಮ್ಮಂಥವರು ಕಲಿಯುವುದಾದರೆ ಟೈಪಿಂಗ್ ಕಲಿಯಬೇಕು, ಟ್ಯಾಲಿ ಕಲಿಯಬೇಕು, ಹೊಲಿಗೆ ಕಲಿಯಬೇಕು. ಬರೀ ಖುಷಿಗೆ ಕಲಿಯುವುದು ಹೊಟ್ಟೆ ತುಂಬಿದವರ ಕೆಲಸ ಅಂತ ನಮ್ಮ ಕಡೆ ಒಂದು ಲೆಕ್ಕ. ನನಗೆ ಆ ಲೆಕ್ಕ ಒಪ್ಪಿಗೆಯಾಗಲಿಲ್ಲ. ಕೂತು ಜೊತೆಯಲ್ಲಿ ಓದುವವರು ಬೇಕಿತ್ತು. ಒಬ್ಬರೇ ಎಷ್ಟು ದಿನ ಮಾತಾಡಿಕೊಳ್ಳುವುದು?

ಅದಕ್ಕೇ ಸಂಘದ ಅಧ್ಯಕ್ಷರ ಹತ್ತಿರ ಹೋದೆ. ಹಾರ್ಡ್‌ವೇರ್ ಅಂಗಡಿ ಅವರದೇ. ಇಲ್ಲಿನ ಹಳೇ ಊರಿನ ಮನೆತನದವರು, ಕೋಣೆಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ಪೈಪಿನ ಅಳತೆ ತೆಗೆಯುತ್ತಲೇ ನನ್ನ ಮಾತು ಕೇಳಿಸಿಕೊಂಡರು.

"ಈಜಿಪ್ಟಾ? ನಮ್ದು ಕನ್ನಡ ಸಂಘ ಅಲ್ವಾ ಮೇಡಂ?"

"ಕನ್ನಡದಲ್ಲೇ ಹೇಳ್ಕೊಡೋದು ಸಾರ್. ಕನ್ನಡದಲ್ಲಿ ಯಾರಾದ್ರೂ ಹೇಳ್ಕೊಡ್ತಿರೋದು ನಾನಂತೂ ಕಂಡಿಲ್ಲ."

ಅವರು ಟೇಪು ಕೆಳಗಿಟ್ಟರು. ಕನ್ನಡಕ್ಕೆ ಹೊಸದು ಅಂದ ಕೂಡಲೇ ಅವರ ಮುಖ ಬೇರೆಯಾಯಿತು. ಆದರೆ ವ್ಯಾಪಾರಸ್ಥರು, ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

"ಇಂಗ್ ಮಾಡಣ. ರಾಜ್ಯೋತ್ಸವದ ದಿನ ಆರ್ಕೆಸ್ಟ್ರಾಗೆ ಮುಂಚೆ ಹತ್ತು ನಿಮಿಷ ಮಾತಾಡಿ. ಜನ ಕುರ್ಚಿ ಬಿಟ್ಟು ಎದ್ದೋಗ್ಲಿಲ್ಲ ಅಂದ್ರೆ ಒಂದ್ ಭಾನುವಾರ ರೂಮ್ ಕೊಡ್ತೀನಿ. ಎದ್ದೋದ್ರೆ ಕೇರಂ ಹುಡುಗ್ರು ಆಡ್ಕೊಳ್ಲಿ, ಬಿಡಿ."

ಆರ್ಕೆಸ್ಟ್ರಾಗೆ ಮುಂಚಿನ ಭಾಷಣ ಎಂದರೇನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಮಂತ್ರಿಗಳೇ ಬಂದರೂ ಜನ ಕಡಲೆಕಾಯಿ ಕೊಳ್ಳಲು ಎದ್ದು ಹೋಗುತ್ತಾರೆ. ಆದರೂ ಒಪ್ಪಿಕೊಂಡು ಬಂದೆ.

ರಾಜ್ಯೋತ್ಸವದ ಹಿಂದಿನ ವಾರ ಫ್ಲೆಕ್ಸ್ ಎದ್ದಿತು. ಸ್ಟೇಷನ್ ರಸ್ತೆಯ ತಿರುವಿನಲ್ಲಿ, ಎರಡು ಆಳೆತ್ತರಕ್ಕೆ. ಮೇಲ್ಗಡೆ ತಾಯಿ, ಕೆಳಗಡೆ ಅಧ್ಯಕ್ಷರು, ಪದಾಧಿಕಾರಿಗಳು, ದಾನಿಗಳು, ಕೈ ಮುಗಿದುಕೊಂಡು ಸಾಲಾಗಿ. ಮೂಲೆಯಲ್ಲಿ ನನ್ನ ಫೋಟೊ. ಕೆಳಗೆ ನನ್ನ ಹೆಸರಿನ ಹಿಂದೆ 'ಡಾ.' ಅಂತ ಇತ್ತು.

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಆಮೇಲೆ ನೇರ ಅಂಗಡಿಗೆ ಹೋದೆ.

"ಸಾರ್, ನಾನು ಡಾಕ್ಟರೇಟ್ ಮಾಡಿಲ್ಲ. ನಂದು ಬಿ.ಎ."

"ಗೊತ್ತು ಮೇಡಂ. ಫ್ಲೆಕ್ಸ್ ಹುಡುಗ್ರು ಎಲ್ಲಾರ್ಗೂ ಹಾಕ್ತಾರೆ. ಗೌರವಕ್ಕೆ ಅಷ್ಟೇ. ನನ್ ಹೆಸ್ರಿಗೂ ಅಯ್ತೆ ನೋಡಿ."

"ನಿಮ್ದು ನಿಮ್ಗೆ. ನಂದು ತೆಗೆಸಿ."

"ಬಿ.ಎ. ಅಂತ ಫ್ಲೆಕ್ಸ್ ಮೇಲೆ ಯಾರ್ ಹಾಕ್ತಾರೆ ಮೇಡಂ? ಇವಾಗ ಎಲ್ಲಾರೂ ಬಿ.ಎ.ನೇ."

"ನಮ್ಮನೇಲಿ ಎಲ್ರೂ ಬಿ.ಎ. ಅಲ್ಲ ಸಾರ್. ನಾನೊಬ್ಳೇ."

ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಪೈಪು ಕೊಳ್ಳಲು ಬಂದವರು ತಿರುಗಿ ನೋಡಿದರು. ಅಷ್ಟು ವರ್ಷ ಒದ್ದಾಡಿ ತಂದ ನನ್ನ ಡಿಗ್ರಿಯನ್ನು ಒರೆಸಿ, ಅದರ ಮೇಲೆ ಯಾರದೋ ಗೌರವ ಅಂಟಿಸಿದರೆ ನಾನು ಹೇಗೆ ಸುಮ್ಮನಿರಲಿ? ಸಂಜೆಯ ಹೊತ್ತಿಗೆ ಒಬ್ಬರು ಏಣಿ ಹಾಕಿಕೊಂಡು ಹತ್ತಿ, 'ಡಾ.' ಮೇಲೆ ಬಿಳೀ ಸ್ಟಿಕ್ಕರ್ ಅಂಟಿಸಿದರು. ಹೆಸರಿನ ಮುಂದೆ ಮಾರ್ಕರಿನಲ್ಲಿ 'ಬಿ.ಎ.' ಎಂದು ಬರೆದರು, ಓರೆಯಾಗಿ. ನನಗೆ ಸಮಾಧಾನವಾಯಿತು.

ಊರಿಗೆ ಆಗಲಿಲ್ಲ. ಅಷ್ಟು ದೊಡ್ಡ ಫ್ಲೆಕ್ಸಿನಲ್ಲಿ, ಅಷ್ಟು ಡಾಕ್ಟರುಗಳ ನಡುವೆ, ಒಂದೇ ಒಂದು ಬಿಳೀ ತೇಪೆ. ಕತ್ತಲಾದ ಮೇಲೆ ಲೈಟು ಬಿದ್ದರೆ ಅದೇ ಮೊದಲು ಹೊಳೆಯುತ್ತಿತ್ತು. ಮಾರನೇ ದಿನ ಬೇಕರಿಯಲ್ಲಿ ಬ್ರೆಡ್ಡು ತೆಗೆದುಕೊಳ್ಳುವಾಗ ಹಿಂದಿನಿಂದ ಇಬ್ಬರ ಮಾತು ಕೇಳಿಸಿತು.

"ಗುರು, ಈ ಮೇಡಂ ಡಾಕ್ಟರೇಟ್ ಕಿತ್ಕೊಂಡ್ರಂತೆ."

"ಯಾರೋ?"

"ಸರ್ಕಾರದೋರು ಕಣೋ. ಈಜಿಪ್ಟ್ ವಿಷ್ಯದಲ್ಲಿ ಏನೋ ಗಲಾಟೆ ಆಗಿರ್ಬೇಕು. ಡಾಕ್ಟರೇಟ್ ಕಿತ್ಕೊಂಡು ಬಿ.ಎ. ಮಾತ್ರ ಬಿಟ್ಟವ್ರೆ."

ತಿರುಗಿ ನೋಡಿದರೆ ಮಾತಾಡುತ್ತಿದ್ದವರಲ್ಲಿ ಒಬ್ಬರು ನಮ್ಮ ಆಟೋ ಸ್ಟ್ಯಾಂಡಿನವರು. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಘೋಷಣೆ ಕೂಗುವುದು ಪ್ರತಿ ವರ್ಷ ಅವರೇ. ಮೈಕು ಇಲ್ಲದೆ ರೈಲ್ವೆ ಗೇಟಿನವರೆಗೂ ಕೇಳಿಸುವ ಗಂಟಲು. ನನ್ನನ್ನು ಕಂಡವರೇ ಬಹಳ ಮರ್ಯಾದೆಯಿಂದ, "ತಲೆ ಕೆಡಿಸ್ಕೋಬೇಡಿ ಮೇಡಂ, ನಾವಿದೀವಿ," ಅಂದರು. ನಾನು ಬಿಡಿಸಿ ಹೇಳಲು ಹೋದೆ. ಅವರು ಎರಡು ಕೈಯೆತ್ತಿ ತಡೆದರು. "ನೀವು ಏನೂ ಹೇಳ್ಬೇಡಿ. ನಮ್ಗೆಲ್ಲಾ ಗೊತ್ತು."

ಎರಡು ದಿನದಲ್ಲಿ ಸುದ್ದಿ ಹಾಲಿನಂಗಡಿ, ಫ್ಲೋರ್ ಮಿಲ್ಲು, ಸ್ಟೇಷನ್ನು ಎಲ್ಲ ಸುತ್ತಿ ಅಮ್ಮನ ಕಿವಿಗೂ ಬಂತು. "ನಿನ್ಹತ್ರ ಏನೋ ಇತ್ತಂತೆ, ತಗೊಂಡೋದ್ರಂತೆ, ನಂಗ್ಯಾಕೆ ಹೇಳ್ಲಿಲ್ಲ?" ಎಂದು ಅಮ್ಮ ಮುನಿಸಿಕೊಂಡಳು. ನಾನು ಗೋಡೆಯ ಮೇಲಿನ ಫ್ರೇಮು ತೋರಿಸಿದೆ. "ಅದು ಇಲ್ಲೇ ಐತಲ್ಲ," ಎಂದು ಅಮ್ಮ ನೋಡಿದಳು. "ಹೂಂ, ಇದ್ದಿದ್ದೇ ಅದು," ಅಂದೆ.

ರಾಜ್ಯೋತ್ಸವದ ಸಂಜೆ ಶಾಲೆಯ ಮೈದಾನದಲ್ಲಿ ಜನವೋ ಜನ. ಇಷ್ಟು ಬೇಗ ಇಷ್ಟು ಕುರ್ಚಿ ತುಂಬಿದ್ದು ಇದೇ ಮೊದಲು ಎಂದು ಅಧ್ಯಕ್ಷರು ಪೇಟ ಸರಿ ಮಾಡಿಕೊಳ್ಳುತ್ತ ಹೇಳಿದರು. ಯಾಕೆ ತುಂಬಿದೆ ಅಂತ ನನಗೆ ಗೊತ್ತಿತ್ತು. ಎಡಗಡೆ ಗಂಡಸರ ಕುರ್ಚಿ, ಬಲಗಡೆ ಹೆಂಗಸರದ್ದು, ನಡುವೆ ದಾರಿ. ವೇದಿಕೆಯ ಹಿಂಬದಿಯಲ್ಲಿ ಆರ್ಕೆಸ್ಟ್ರಾದವರು ತಂತಿ ಜೋಡಿಸುತ್ತಿದ್ದರು.

ನನ್ನ ಸರದಿ ಬಂತು. ಬರೆದುಕೊಂಡು ಹೋಗಿದ್ದ ಭಾಷಣ ತೆರೆದೆ. "ವೇದಿಕೆಯ ಮೇಲಿರುವ ಗಣ್ಯರೇ, ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿ ಕ್ರಿಯಾಪದದ ರೂಪಗಳು ಬಹುಮುಖ್ಯವಾದ..." ಎನ್ನುವಷ್ಟರಲ್ಲಿ ಕುರ್ಚಿ ಸರಿದ ಸದ್ದು. ಎಡಗಡೆಯ ಹಿಂದಿನ ಸಾಲು ಏಳತೊಡಗಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಕೋಣೆ ಕೈಬಿಟ್ಟು ಹೋಗುತ್ತಿರುವುದು ನನಗೆ ಕಣ್ಣಾರೆ ಕಾಣುತ್ತಿತ್ತು.

ಆಗ ಹಿಂದಿನಿಂದ ಯಾರೋ ಕೂಗಿದರು. "ಮೇಡಂ, ಅದೆಲ್ಲಾ ಇರ್ಲಿ, ಡಾಕ್ಟರೇಟ್ ಯಾಕ್ ಕಿತ್ಕೊಂಡ್ರು ಅದು ಹೇಳಿ."

ಎದ್ದವರು ಗಪ್ಪನೆ ಕೂತರು. ನಾನು ಬರೆದುಕೊಂಡಿದ್ದ ಹಾಳೆ ಮಡಚಿದೆ.

"ಯಾರೂ ಕಿತ್ಕೊಂಡಿಲ್ಲ," ಅಂದೆ. "ಯಾಕಂದ್ರೆ ನಂಗೆ ಯಾವತ್ತೂ ಡಾಕ್ಟರೇಟ್ ಇರ್ಲೇ ಇಲ್ಲ. ಇರೋದು ಬಿ.ಎ. ಅದನ್ನ ಈರುಳ್ಳಿ ಮಂಡೀಲಿ ಬಿಲ್ ಬರ್ಕೊಂಡು, ಸಂಜೆ ಕಾಲೇಜಲ್ಲಿ ಓದಿ ತಗೊಂಡಿರೋದು. ನಮ್ಮಮ್ಮ ಅಲ್ಲಿ ಕೂತಿದಾರೆ, ಕೇಳಿ ಬೇಕಾದ್ರೆ. ಅದನ್ನ ಮುಚ್ಚಿ ಮೇಲೆ 'ಡಾ.' ಅಂತ ಹಾಕಿದ್ರು, ನಾನೇ ತೆಗೆಸ್ದೆ. ಅಷ್ಟೇ ಕಥೆ."

ವೇದಿಕೆಯ ಮೇಲಿದ್ದ ಡಾಕ್ಟರುಗಳೆಲ್ಲ ತಂತಮ್ಮ ಹೂವಿನ ಹಾರ ನೋಡಿಕೊಂಡರು. ಆಮೇಲೆ ಹೆಂಗಸರ ಕಡೆಯಿಂದ ಚಪ್ಪಾಳೆ ಎದ್ದಿತು. ಅಮ್ಮನೂ ತಟ್ಟುತ್ತಿದ್ದಳು, ತನ್ನ ಮಗಳಿಗೆ ತಾನು ತಟ್ಟಬಾರದು ಅನ್ನುವುದೆಲ್ಲ ಅವಳಿಗೆ ಗೊತ್ತಿಲ್ಲ.

ಆ ಚಪ್ಪಾಳೆ ಆರುವ ಮೊದಲೇ ನಾನು ವೇದಿಕೆಯ ಪಕ್ಕದಲ್ಲಿ ಸುತ್ತಿಟ್ಟಿದ್ದ ಹಳೇ ಫ್ಲೆಕ್ಸ್ ಒಂದನ್ನು ಎಳೆದುಕೊಂಡೆ. ಅದರ ಬಿಳೀ ಬೆನ್ನನ್ನು ಜನರ ಕಡೆ ತಿರುಗಿಸಿ, ಆರ್ಕೆಸ್ಟ್ರಾದವರ ಸ್ಟ್ಯಾಂಡಿಗೆ ನೇತು ಹಾಕಿ, ಮಾರ್ಕರಿನಲ್ಲಿ ದೊಡ್ಡದಾಗಿ ಬರೆದೆ. ಕಿವಿ, ಗೂಬೆ, ಹಾವು.

"ಇದೇನು?" ಎಂದು ಮೊದಲನೆಯದನ್ನು ತೋರಿಸಿ ಕೇಳಿದೆ.

"ಕಿವಿ," ಎಂದರು ಮುಂದಿನ ಸಾಲಿನವರು.

"ಯಾರ್ದು?"

"ಹಸುವಿಂದು ಕಣಮ್ಮ," ಎಂದಳು ಹಸು ಕಟ್ಟಿರುವ ನಮ್ಮ ಬೀದಿಯ ಅಜ್ಜಿ.

"ಸರಿಯಾಗಿ ಹೇಳಿದ್ರಿ. ಇದು ಕೇಳೋದು. ಸೆಜೆಮ್. ಈ ಹಾವು ಅಂದ್ರೆ ಅವನು. ನಾವು 'ಅವನು ಕೇಳ್ತಾನೆ' ಅಂತೀವಿ. ನಮ್ಮಲ್ಲಿ ಕ್ರಿಯಾಪದ ಮುಖ್ಯ ಅತಿಥಿ ಇದ್ದಂಗೆ, ಎಲ್ಲಾರೂ ಬಂದು ಕೂತ ಮೇಲೆ ಕೊನೇಲಿ ಬರುತ್ತೆ. ಅವರಲ್ಲಿ ಸಾಮಾನ್ಯವಾಗಿ ಕ್ರಿಯಾಪದನೇ ಮೊದ್ಲು ಬಂದು ಕೂತಿರುತ್ತೆ, ಆಮೇಲೆ ಮಿಕ್ಕೋರು."

ನಗೆ ಎದ್ದಿತು. ನಿಜವಾಗಿಯೂ ಆ ದಿನದ ಮುಖ್ಯ ಅತಿಥಿ ಇನ್ನೂ ಹೆಬ್ಬಾಳದ ಫ್ಲೈಓವರಿನಲ್ಲಿ ಸಿಕ್ಕಿಕೊಂಡಿದ್ದರು.

ಮುಂದೆ ಆದದ್ದಕ್ಕೆ ನಾನು ತಯಾರಿ ಮಾಡಿಕೊಂಡಿರಲಿಲ್ಲ. 'ನೀನು ಕೇಳುತ್ತೀಯ' ಎನ್ನುವುದಕ್ಕೆ ಆ ಭಾಷೆಯಲ್ಲಿ ಎರಡು ರೂಪ, ಗಂಡಸಿಗೆ ಸೆಜೆಮೆಕ್, ಹೆಂಗಸಿಗೆ ಸೆಜೆಮೆಚ್ ಎಂದು ಹೇಳುತ್ತಿದ್ದೆ. ನೋಡಿದರೆ ನನ್ನ ಮುಂದೆ ಗಂಡಸರೂ ಹೆಂಗಸರೂ ಆಗಲೇ ಬೇರೆ ಬೇರೆ ಕೂತಿದ್ದಾರೆ! ಘೋಷಣೆ ಕೂಗುವ ಆಟೋದವರನ್ನು ಕರೆದೆ.

"ಬೆಳಿಗ್ಗೆ ಮೆರವಣಿಗೇಲಿ ಹೆಂಗ್ ಕೂಗಿದ್ರೋ ಹಂಗೇ ಕೂಗಿ. ನೀವು ಸೆಜೆಮ್ ಅನ್ನಿ, ಗಂಡಸ್ರು ಎಕ್ ಅನ್ಲಿ, ಹೆಂಗಸ್ರು ಎಚ್ ಅನ್ಲಿ."

ಅವರು ಶಲ್ಯ ಕೊಡವಿ ವೇದಿಕೆ ಹತ್ತಿದರು. ಗಂಟಲು ಸರಿ ಮಾಡಿಕೊಂಡು, 'ಕನ್ನಡಾಂಬೆಗೆ' ಎಂದು ಎಳೆಯುವ ಅದೇ ರಾಗದಲ್ಲಿ, ಮೈಕು ಬೇಡವೆಂದು ಸರಿಸಿ, ಕೂಗಿದರು.

"ಸೆಜೇ...ಮ್!"

"ಎಕ್!" ಎಂದಿತು ಎಡಗಡೆ.

"ಸೆಜೇ...ಮ್!"

"ಎಚ್!" ಎಂದಿತು ಬಲಗಡೆ, ಎಡಗಡೆಗಿಂತ ಜೋರಾಗಿ.

ಆರ್ಕೆಸ್ಟ್ರಾದ ಡ್ರಮ್ಸಿನವರಿಗೆ ಕೈ ತಡೆಯಲಿಲ್ಲ. ಪ್ರತಿ 'ಎಕ್'ಗೂ ಒಂದು ಏಟು, 'ಎಚ್'ಗೆ ತಾಳ. ಎಫ್ ಬಂತು, ಎಸ್ ಬಂತು, 'ನಾವು' ಎಂಬುದಕ್ಕೆ ಎರಡೂ ಕಡೆ ಸೇರಿ 'ಎನ್' ಎಂದಾಗ ಮರದ ಮೇಲಿನ ಕಾಗೆಗಳು ಎದ್ದವು. ನಾನು ನಡುವೆ ಒಂದು ನೀರಿನ ಅಲೆಯ ಗೆರೆ, ಅಂದರೆ ಅವರ 'ನ್' ಅಕ್ಷರ, ಎಳೆದೆ, ಗೂಬೆಗೂ ಹಾವಿಗೂ ಮಧ್ಯೆ. "ಈಗ ಸೆಜೆಮೆನೆಫ್. ಅವನು ಕೇಳಿದ. ನಡುವೆ ನೀರು ಬಂತು, ಕಾಲ ಹಿಂದಕ್ಕೆ ಹೋಯ್ತು." ಗಂಡಸರ ಕಡೆಯಿಂದ ಒಬ್ಬರು ಎದ್ದು ನಿಂತು ಕೇಳಿದರು, "ಮೇಡಂ, ದೊಡ್ಡೋರಿಗೆ ಏನಂತಾರೆ? ರಾಜನ್ಗೂ ನೀನು ಅಂತಾರಾ?"

"ರಾಜನ್ನ, ದೇವ್ರನ್ನ ಹೊಗಳೋ ಹಾಡುಗಳಲ್ಲಿ ಅದೇ ಎಕ್. ನಾವೂ ದೇವ್ರಿಗೆ ನೀನು ಅಂತೀವಲ್ಲ."

"ಅದೂ ಸರಿನೇ," ಎಂದು ಕೂತರು.

ಹತ್ತು ನಿಮಿಷ ಯಾವಾಗಲೋ ಕಳೆದಿತ್ತು. ಯಾರೂ ಎದ್ದಿರಲಿಲ್ಲ. ಮೊದಲನೇ ಹಾಡು ಶುರುವಾದ ಮೇಲೆ ಅಧ್ಯಕ್ಷರು ಹತ್ತಿರ ಬಂದು, ಕಿವಿಯ ಹತ್ತಿರ ಕೂಗಿದರು. "ಒಂದ್ ಭಾನುವಾರ. ಯಾರಾದ್ರೂ ಬಂದ್ರೆ ಮುಂದಿನ್ದು ನೋಡಣ. ಮೈದಾನದಲ್ಲಿ ಕೂಗೋರು ಬೇರೆ, ರೂಮಿಗ್ ಬರೋರು ಬೇರೆ ಮೇಡಂ."

ಅವರು ಹೇಳಿದ್ದು ಸುಳ್ಳಲ್ಲ. ಭಾನುವಾರ ಬೆಳಿಗ್ಗೆ ಶಟರ್ ಎತ್ತಿ, ಕುರ್ಚಿ ಬಿಡಿಸಿಟ್ಟು ಕೂತೆ. ಹೊತ್ತು ಹೋಯಿತು. ಹೊರಗೆ ರೈಲು ಬಂತು, ಹೋಯಿತು. ನಾನು ತಂದಿಟ್ಟಿದ್ದ ಕರಿಹಲಗೆಯ ಬೋರ್ಡನ್ನು ಸುಮ್ಮನೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಬರೀ ಕೂಗಾಟಕ್ಕೆ ಕುಣಿದುಬಿಟ್ಟೆನಲ್ಲ ಅನ್ನಿಸಿತು.

ಮೊದಲು ಬಂದದ್ದು ಗಾರ್ಮೆಂಟ್ಸಿಗೆ ಹೋಗುವ ಇಬ್ಬರು ಹೆಂಗಸರು, ಅಕ್ಕತಂಗಿಯರು. ತಂಗಿ ಪಿಯುಸಿಗೆ ಓದು ಬಿಟ್ಟವಳು. "ಫೀಸ್ ಎಷ್ಟು ಮೇಡಂ?" ಎಂದಳು. ಇಲ್ಲ ಅಂದೆ. "ಸರ್ಟಿಫಿಕೇಟ್ ಕೊಡ್ತೀರಾ?" ಅದೂ ಇಲ್ಲ ಅಂದೆ. ಇಬ್ಬರೂ ಮುಖಮುಖ ನೋಡಿಕೊಂಡರು. ಈಗ ಎದ್ದು ಹೋಗುತ್ತಾರೆ ಎಂದುಕೊಂಡೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು. "ಆಯ್ತು, ಶುರು ಮಾಡಿ. ವಾರವೆಲ್ಲಾ ದುಡ್ಡಿಗೇ ದುಡಿಯೋದು ಇದ್ದಿದ್ದೇ."

ಆಮೇಲೆ ಹಸು ಕಟ್ಟುವ ಅಜ್ಜಿಯ ಮೊಮ್ಮಗಳು ಬಂದಳು. ರಾಜನ ಬಗ್ಗೆ ಕೇಳಿದ್ದವರು ಬಂದರು, ನಿವೃತ್ತ ಪೋಸ್ಟ್‌ಮ್ಯಾನ್ ಅಂತೆ. ಕೊನೆಗೆ ಘೋಷಣೆಯವರು, ಆಟೋ ಹೊರಗೆ ನಿಲ್ಲಿಸಿ.

ನಾನು ಹೊಸ ಕ್ರಿಯಾಪದ ಬರೆದೆ. ಒಂದು ಮನೆಯ ನಕ್ಷೆ, ಒಂದು ಬಾಯಿ, ಕೊನೆಗೆ ನಡೆಯುತ್ತಿರುವ ಎರಡು ಕಾಲು. "ಈ ಕಾಲುಗಳನ್ನ ಓದೋದಿಲ್ಲ. ಇದು ನಡೆಯೋ ಕೆಲಸ ಅಂತ ಬರೀ ಸೂಚನೆ. ಏನಿರ್ಬೋದು ಹೇಳಿ."

"ಮನೆಗ್ ಹೋಗೋದು," ಎಂದರು ಪೋಸ್ಟ್‌ಮ್ಯಾನ್.

"ಮನೆಯಿಂದ ಆಚೆ ಬರೋದು," ಎಂದಳು ತಂಗಿ, ತಡೆಯದೆ.

ಅದೇ. ಪೆರಿ, ಹೊರಗೆ ಬರುವುದು. ನನಗೆ ಎಷ್ಟು ಖುಷಿಯಾಯಿತು ಎಂದರೆ ಚಾಕ್‌ಪೀಸ್ ಕೈಯಲ್ಲೇ ಮುರಿಯಿತು. ಅವಳಿಗೆ ಅದು ಗೊತ್ತಿರಲಿಲ್ಲ, ಊಹಿಸಿದಳು. ಊಹಿಸಿ ಸರಿಯಾದಾಗ ಅವಳ ಮುಖ ಹೇಗಿತ್ತು ಅಂತ ನಾನು ಬರೆಯಲಾರೆ. ಅವನು, ಅವಳು, ನಾವು ಎಂದು ಪ್ರತ್ಯಯ ಹಚ್ಚುತ್ತ ಹೋದರು. ತಪ್ಪಾದರೆ ಒಬ್ಬರನ್ನೊಬ್ಬರು ಅಣಕಿಸಿದರು, ಸರಿಯಾದರೆ ಘೋಷಣೆಯವರು ಮೇಜು ಗುದ್ದಿದರು.

ಸದ್ದಿಗೆ ಅಧ್ಯಕ್ಷರು ಅಂಗಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಅವರ ಹಿಂದೆ ಕೇರಂ ಹುಡುಗರು ಇಣುಕುತ್ತಿದ್ದರು.

"ನಿಧಾನ ಕಣ್ರೀ. ಮೇಲ್ಗಡೆ ಮನೇಲಿ ಮಗು ಮಲ್ಗೈತೆ."

"ಎದ್ದಿದ್ರೆ ಅದನ್ನೂ ಕಳಿಸಿ ಸಾರ್, ಕಲೀಲಿ," ಎಂದರು ಘೋಷಣೆಯವರು.

ಅಧ್ಯಕ್ಷರು ಕುರ್ಚಿಗಳನ್ನು ನೋಡಿದರು, ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಮುಂದಿನ್ ಭಾನುವಾರನೂ ಬೇಕಾ ರೂಮು?"

ನಾನು ಬಾಯಿ ತೆರೆಯುವಷ್ಟರಲ್ಲಿ ಕೋಣೆಯೆಲ್ಲ ಒಟ್ಟಿಗೆ "ಬೇಕು" ಎಂದಿತು. ಮೇಲ್ಗಡೆ ಮಗು ಎದ್ದು ಅಳತೊಡಗಿತು.